ಪಾರಿವಾಳದ ಕಿಂಡಿ

ಮನೆ ಮಾಲೀಕರಿಗೆ ನಮಸ್ಕಾರ.

ಮನೆ ಖಾಲಿ ಮಾಡಿದ್ದೇನೆ. ಬೀಗದ ಕೈ ಎದುರುಮನೆ ಅಜ್ಜಿಯ ಹತ್ತಿರ ಇದೆ. ಬಚ್ಚಲುಮನೆಯ ಕಿಂಡಿಗೆ ನೀವು ಹೊಡೆಸಿದ ಹಲಗೆ ಬಹಳ ಭದ್ರವಾಗಿದೆ. ಪಾರಿವಾಳ ಹಾಗಿರಲಿ, ಗಾಳಿಯೂ ಒಳಗೆ ಬರುವ ಧೈರ್ಯ ಮಾಡಲಿಲ್ಲ.

ಆಮೇಲಿಂದ ನನ್ನ ಹೆಂಡತಿಗೆ ಸ್ನಾನ ಮಾಡಿದಾಗಲೆಲ್ಲ ತಲೆನೋವು, ವಾಕರಿಕೆ. ತಣ್ಣೀರಿನ ಗಿರಾಕಿಯಾದ ನನಗೆ ಏನೂ ಇಲ್ಲ. ಅವಳು ತವರಿಗೆ ಹೋದರೆ ಎಲ್ಲ ಮಾಯ. "ಅಮ್ಮನ ಮನೆ ಗಾಳಿಯೇ ಔಷಧಿ ಕಣಮ್ಮ" ಅಂದಿರಿ ನೀವು. ಎಲ್ಲರೂ ನಕ್ಕೆವು, ಅವಳೂ.

ನೀವು ಹೇಳಿದ್ದೇ ಸರಿ ಎಂದು ಡಾಕ್ಟರು ಗಂಭೀರವಾಗಿ ಒಪ್ಪಿದರು. ಬಚ್ಚಲೊಳಗಿನ ಗ್ಯಾಸ್ ಗೀಸರಿನಿಂದ ಬಂದದ್ದು ಕಾರ್ಬನ್ ಮೊನಾಕ್ಸೈಡ್ ಅಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ಸಂಭಾವಿತ ಬಾಡಿಗೆದಾರನ ಹಾಗೆ ಸದ್ದಿಲ್ಲದೆ ಇರುತ್ತದೆ.

ಸ್ನಾನಕ್ಕೆ ಹೋಗಿ ಪ್ರಜ್ಞೆ ತಪ್ಪಿ ಬಿದ್ದವಳನ್ನು ಬಾಗಿಲು ಒಡೆದು ಎತ್ತಿಕೊಂಡು ಹೋಗಿದ್ದರಿಂದ ಜೀವ ಉಳಿಯಿತು. ಈಗ ತವರಲ್ಲಿದ್ದಾಳೆ. ತಲೆನೋವಿಲ್ಲ. ನಿನ್ನೆ ನನಗೆ ಕುರ್ಚಿ ಹಾಕಿ, ನೀರು ಕೊಟ್ಟು, "ತಾವು ಯಾರ ಕಡೆಯವರು?" ಎಂದು ಮರ್ಯಾದೆಯಿಂದ ಕೇಳಿದಳು.

ಒಂದೇ ಕೋರಿಕೆ. ಹೊಸಬರು ಬರುವ ಮುಂಚೆ ಗೀಸರನ್ನು ಹೊರಗೆ ಹಾಕಿಸಿ, ಹಲಗೆ ಕೀಳಿಸಿ. ಪಾರಿವಾಳ ಗಲೀಜು ಮಾಡಿದರೆ ಹೇಳಿ ಕಳಿಸಿ. ನಾನೇ ಬಂದು ತೊಳೆದುಕೊಡುತ್ತೇನೆ.

ಇತಿ,
ನಿಮ್ಮ ಹಳೆಯ ಬಾಡಿಗೆದಾರ