ಶನಿವಾರದ ಗುಡುಗಿಗೆ ಭಾನುವಾರದವರಿಗೆ ಶಿಕ್ಷೆ

ಕಟ್ಟಡ ಬಳಕೆಯ ನಿಯಮ ಕಾಯುವ ಮಾನ್ಯ ಅಧಿಕಾರಿಗಳೇ,

ಗಲಾಟೆ ಮಾಡಿದವನು ನಾನು. ನೀವು ಬೀಗ ಹಾಕಲು ಹೊರಟಿರುವುದು ಪಾಸ್ಟರ್ ಅಬಿಯೋಲಾ ಅವರ ಪ್ರಾರ್ಥನಾ ಸಭೆಗೆ. ಈ ತಿಂಗಳ ಕೊನೆಗೆ ಆ ಬೀಗ ಬೀಳುತ್ತದೆ. ಅದಕ್ಕೆ ಮುಂಚೆ ನನ್ನ ಮಾತು ಕೇಳಿ.

ಇದನ್ನೇ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ ನಿಮ್ಮ ಕಂಪ್ಯೂಟರು 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಉತ್ತರಿಸಿ ಮಲಗಿತು. ಹಾಗಾಗಿ ನಾಲ್ಕನೆಯದನ್ನು ಐರ್ಲೆಂಡಿನ ಕನ್ನಡಿಗರ ಈ ಪತ್ರಿಕೆಯಲ್ಲಿ, ಕನ್ನಡದಲ್ಲೇ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದೆಂಬ ಚಿಂತೆ ನನಗಿಲ್ಲ. ಬರುವ ಭಾಷೆಯಲ್ಲಿ ಬರೆದಾಗ ಏನು ಓದಿದಿರಿ? ಅಲ್ಲದೆ, ಇದನ್ನು ಓದಬೇಕಾದ ನಮ್ಮವರೂ ಕೆಲವರಿದ್ದಾರೆ.

ಊರಾಚೆ ಟೈರ್ ಗೋದಾಮುಗಳ ಸಾಲಿನಲ್ಲಿರುವ ಆ ತಗಡಿನ ಶೆಡ್ಡನ್ನು ಮಾಲೀಕ ಇಬ್ಬರಿಗೆ ಕೊಟ್ಟಿದ್ದಾನೆ. ಶನಿವಾರ ನಮ್ಮ ಕನ್ನಡ ನಾಟಕ ತಂಡಕ್ಕೆ, ಭಾನುವಾರ ಪಾಸ್ಟರ್ ಅಬಿಯೋಲಾ ಅವರಿಗೆ. ಆಕೆ ನೈಜೀರಿಯಾದವರು, ವಾರವೆಲ್ಲ ವೃದ್ಧಾಶ್ರಮದಲ್ಲಿ ನರ್ಸ್. ಅವರ ಸಭೆಗೆ ಕಾಂಗೋದವರು, ಜಿಂಬಾಬ್ವೆಯವರು, ಆಶ್ರಯ ಕೇಳಿ ಬಂದು ಸರ್ಕಾರದ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವವರು ಬರುತ್ತಾರೆ. ಪ್ರಾರ್ಥನೆಗೆ ಒಂದು ಕೀಬೋರ್ಡು, ನಲವತ್ತು ಗಂಟಲು, ಅಷ್ಟೇ. ಪ್ರಾರ್ಥನೆ ಮುಗಿದ ಮೇಲೆ ಕುರ್ಚಿ ಸರಿಸಿ ಮೇಜು ಹಾಕುತ್ತಾರೆ. ಅಲ್ಲಿ ಅರ್ಜಿಗಳು ಹುಟ್ಟುತ್ತವೆ. ನೈಜೀರಿಯಾದ ಲಾಗೋಸಿನಲ್ಲಿ ಮತ ಎಣಿಕೆ ಸರಿಯಾಗಲಿಲ್ಲವೆಂದು ಅಲ್ಲಿನ ಸರ್ಕಾರಕ್ಕೊಂದು, ಇಲ್ಲಿ ಹಾಸ್ಟೆಲಿನ ಮಕ್ಕಳಿಗೆ ಶಾಲೆಯ ಬಸ್ ಇಲ್ಲವೆಂದು ನಿಮ್ಮ ಕಚೇರಿಗೊಂದು. ನ್ಯಾಯ ಕೇಳದೆ ಎದ್ದು ಹೋದರೆ ದೇವರ ಎದುರು ಅರ್ಧ ಪ್ರಾರ್ಥನೆ ಬಿಟ್ಟು ಹೋದ ಹಾಗೆ ಎಂಬುದು ಆಕೆಯ ನಂಬಿಕೆ. ಇಪ್ಪತ್ತಮೂರು ಮಕ್ಕಳು ಫುಟ್‌ಪಾತೇ ಇಲ್ಲದ ರಸ್ತೆಯಲ್ಲಿ ಲಾರಿಗಳ ಪಕ್ಕ ನಡೆದು ಶಾಲೆಗೆ ಹೋಗುತ್ತಿವೆ. ಆ ಬಸ್ಸಿನ ಅರ್ಜಿ ನಿಮ್ಮ ಕಚೇರಿ ತಲುಪಿದ ಒಂಬತ್ತನೆಯ ದಿನ ಶೆಡ್ಡಿನ ಬಾಗಿಲಿಗೆ ನೋಟಿಸು ಅಂಟಿತು. ಎಂಥ ಚುರುಕು! ಬಸ್ಸಿಗೂ ಅಷ್ಟು ವೇಗ ಕೊಟ್ಟಿದ್ದರೆ?

ನೋಟಿಸಿನಲ್ಲಿ ಏನಿದೆ? 'ಶನಿವಾರ ಸಂಜೆ ಐದರಿಂದ ಏಳರವರೆಗೆ ಆಫ್ರಿಕನ್ ಡ್ರಮ್‌ಗಳ ಅಸಹನೀಯ ಸದ್ದು.' ಮೂರು ದಿನಾಂಕಗಳಿವೆ, ಮೂರೂ ಶನಿವಾರವೇ. ಸ್ವಾಮಿ, ಶನಿವಾರ ಸಂಜೆ ಅಲ್ಲಿ ನಮ್ಮ ಪೌರಾಣಿಕ ನಾಟಕದ ತಾಲೀಮು. ನಾನು ಕಂಪನಿ ನಾಟಕದ ಡೇರೆಯಲ್ಲಿ ಹುಟ್ಟಿ, ಪರದೆಯ ಹಿಂದೆ ನಿದ್ದೆ ಮಾಡಿ ಬೆಳೆದವನು. ನಮ್ಮಲ್ಲಿ ರಾಕ್ಷಸ ರಾಜ ಸದ್ದಿಲ್ಲದೆ ಬರುವುದಿಲ್ಲ. ಆಳೆತ್ತರದ ತಗಡಿನ ಹಾಳೆಯನ್ನು ತೂಗುಹಾಕಿ ಇಬ್ಬರು ಹಿಡಿದು ಅಲುಗಿಸಬೇಕು, ಆಕಾಶ ಬಿರಿದಂತೆ ಗುಡುಗಬೇಕು, ನಗಾರಿ ಬಡಿಯಬೇಕು, ಆಮೇಲೆ ನಾನು 'ಎಲವೋ!' ಎನ್ನಬೇಕು. ತಗಡಿನ ಶೆಡ್ಡಿನೊಳಗೆ ತಗಡಿನ ಗುಡುಗು! ಪಕ್ಕದ ಬೀದಿಯವರು ನಡುಗಿದ್ದರಲ್ಲಿ ತಪ್ಪೇನಿಲ್ಲ. ಕತ್ತಲಲ್ಲಿ ಕೇಳಿದ ನಗಾರಿಗೆ ಬಣ್ಣ ಬಳಿದವರು ಅವರು. ಆ ಬಣ್ಣಕ್ಕೆ ಮೊಹರು ಒತ್ತಿದವರು ನೀವು.

ನೋಟಿಸು ಬಂದ ವಾರವೇ ನಮ್ಮ ತಂಡದ ಸಭೆ ಸೇರಿತು. ಎಲ್ಲರಿಗೂ ಸತ್ಯ ಗೊತ್ತಿತ್ತು. ಕಾರ್ಯದರ್ಶಿಗಳು ಮೆಲ್ಲಗೆ ಬಾಗಿಲು ಹಾಕಿ ಬಂದರು.

"ನಂದೂ ಇನ್ನೊಬ್ರದೂ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗೈತೆ ಗುಂಡಣ್ಣ. ಈಗ ಆಫೀಸು ಗೀಫೀಸು ಅಂತ ಹೋಗಿ ನಮ್ಮ ಹೆಸರು ಕೊಡ್ಬೇಡಿ. ಆ ಪಾಸ್ಟರಮ್ಮಂಗೆ ಅರ್ಜಿ ಬರೆದು ಅಭ್ಯಾಸ ಐತೆ, ಅವ್ರು ನೋಡ್ಕೋತಾರೆ ಬಿಡಿ."

ನಾಯಕಿಯ ಪಾತ್ರದಾಕೆ ಕೈಯಲ್ಲಿದ್ದ ಕಿರೀಟವನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಟಿಕೆಟ್ ಮೇಲೆ ಪ್ರಿಂಟ್ ಹಾಕ್ಸಿ ಸಾರ್, ಧರ್ಮಕ್ಕೆ ಜಯ, ಸ್ಟೇಜ್ ಮೇಲೆ ಮಾತ್ರ ಅಂತ."

ಆದರೂ ಸುಮ್ಮನಿರುವುದೆಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಏಳು ವಾರ ಸುಮ್ಮನಿದ್ದೆವು. ತಾಲೀಮಿಗೆ ಹೋಗುವುದನ್ನೂ ನಿಲ್ಲಿಸಿದೆವು, ಸದ್ದಾದರೆ ಸಿಕ್ಕಿಬೀಳುತ್ತೇವೆಂದು. ಇತ್ತ ಸದ್ದು ನಿಂತದ್ದನ್ನು ಕಂಡು ನೀವು ಕಡತದಲ್ಲಿ ಏನು ಬರೆದಿರಿ? 'ನೋಟಿಸಿನ ನಂತರ ಸಭೆಯವರು ಹತೋಟಿಗೆ ಬಂದಿದ್ದಾರೆ. ಇದರಿಂದ ತಪ್ಪು ಅವರದೇ ಎಂದು ಖಚಿತವಾಗುತ್ತದೆ.' ನಮ್ಮ ಹೇಡಿತನವೇ ಅವರ ವಿರುದ್ಧ ಸಾಕ್ಷಿಯಾಯಿತು. ಕಡತದ ಪ್ರತಿ ತರಿಸಿಕೊಂಡಿದ್ದ ಪಾಸ್ಟರ್ ಆ ಸಾಲನ್ನು ನನಗೆ ತೋರಿಸಿದರು. ನೀವು ಕರೆದ ವಿಚಾರಣೆಗಳಲ್ಲಿ ನಮ್ಮ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅದು ನಮ್ಮ ಸದ್ದಲ್ಲ ಎಂದೆ. ಬೇರೆಯವರನ್ನು ಹಿಡಿದುಕೊಡುವುದು ನನ್ನ ಕೆಲಸವಲ್ಲ, ಬ್ರದರ್ ಗುಂಡಪ್ಪ. ನೀವೇ ಬಂದು ಹೇಳುತ್ತೀರೆಂದು ಪ್ರತಿ ಸಲ ಬಾಗಿಲ ಕಡೆ ನೋಡುತ್ತಿದ್ದೆ."

ಮರುದಿನವೇ ರಜೆ ಹಾಕಿ ನಿಮ್ಮ ಕೌಂಟರಿಗೆ ಬಂದೆ. ನೆನಪಿದೆಯೇ? ತಗಡಿನ ಫೋಟೋ, ತಾಲೀಮಿನ ವಿಡಿಯೋ, ನಮ್ಮ ಬಾಡಿಗೆ ಚೀಟಿ ಎಲ್ಲವನ್ನೂ ಹರಡಿದೆ. ನೀವು ನನ್ನ ಮುಖ ನೋಡಿದಿರಿ, ಕಡತ ನೋಡಿದಿರಿ, ನಕ್ಕಿರಿ.

"ದೂರು ಆಫ್ರಿಕನ್ನರ ಮೇಲಿದೆ. ನೀವು ಇಂಡಿಯನ್. ಯೂ ಆರ್ ಗ್ರ್ಯಾಂಡ್, ನಿಮಗೇನೂ ತೊಂದರೆಯಿಲ್ಲ."

ಅಧಿಕಾರಿಗಳೇ, ತಪ್ಪೊಪ್ಪಿಕೊಳ್ಳಲು ಬಂದವನನ್ನು ಬಾಗಿಲಿಂದಲೇ ಬಿಡುಗಡೆ ಮಾಡುವ ನ್ಯಾಯಾಲಯವನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ. ನೀವು ಹುಡುಕುತ್ತಿದ್ದದ್ದು ಸದ್ದನ್ನೋ, ಚರ್ಮವನ್ನೋ? ಅಥವಾ ಮೇಜು ಹಾಕಿ ಬಸ್ಸು ಕೇಳುವ ಬಾಯನ್ನೋ? ನಮ್ಮ ತಂಡ ನಿಮ್ಮನ್ನು ಏನನ್ನೂ ಕೇಳಿಲ್ಲ, ಆದ್ದರಿಂದ ನಾವು ಎಷ್ಟು ಗುಡುಗಿದರೂ ಸಭ್ಯರು. ಆಕೆ ಮೃದುವಾಗಿ ಕೇಳಿದರು, ಆದ್ದರಿಂದ ಗದ್ದಲ.

ನಾನು ಕೇಳುವುದಿಷ್ಟೇ. ಕಡತ ತೆರೆಯಿರಿ. ಆ ನೋಟಿಸನ್ನು ಹಿಂತೆಗೆದುಕೊಂಡು ಶನಿವಾರದವರಾದ ನಮಗೆ ಕಳಿಸಿ. ದಂಡವೋ ಬೀಗವೋ, ಶನಿವಾರಕ್ಕೆ ಹಾಕಿ. ಭಾನುವಾರದ ಮೇಜು ಇದ್ದಲ್ಲೇ ಇರಲಿ, ಬಸ್ಸಿನ ಅರ್ಜಿಗೆ ಉತ್ತರ ಬರಲಿ. ಉಳಿದವರ ಹೆಸರು ಅವರವರೇ ಹೇಳಿಕೊಳ್ಳಲಿ, ನಾನು ಕೊಡುವುದಿಲ್ಲ. ನನ್ನದನ್ನು ಕೆಳಗೆ ಬರೆದಿದ್ದೇನೆ. ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕೌಂಟರಿನ ಮುಂದೆ ನಿಂತಿರುತ್ತೇನೆ, ನೀವು ಅದನ್ನು ಬರೆದುಕೊಳ್ಳುವವರೆಗೆ ಕದಲುವುದಿಲ್ಲ.

ಇಂತಿ,
ಏಳು ವಾರ ತಡವಾಗಿ ಬಂದ, ನಿಮ್ಮ ಕಡತದಲ್ಲಿ ಇನ್ನೂ ಇಲ್ಲದ ಅಪರಾಧಿ,
ಗುಂಡಪ್ಪ