ಬಿಲ್ಲೆ ಬಾಗಿಲು ಹಾಕಿಕೊಂಡದ್ದು

ಹೊಸನಗರ
೧೯ ನವೆಂಬರ್ ೨೦೨೪, ಮಂಗಳವಾರ

ನನ್ನ ಪುಟ್ಟ ಕಾವ್ಯಾ,

ಬೆನ್ನ ಮೇಲೆ ಮನೆಯಿರುವವಗೆ ಊರಿನ ಹಂಗೇನು ಎಂದೋ, ದಾರಿಯ ಹಂಗೇನು ಎಂದೋ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ, ಯಾರು ಬರೆದರೋ ನೆನಪಿಲ್ಲ. ಬರೆದವರು ಆಮೆಯನ್ನು ದೂರದಿಂದ ನೋಡಿರಬೇಕು. ಚಿಪ್ಪು ಮನೆಯಲ್ಲ. ಬೆನ್ನೆಲುಬು, ಪಕ್ಕೆಲುಬು ಎಲ್ಲ ಹರಡಿ ಕೂಡಿಕೊಂಡು ಚಿಪ್ಪಾಗಿವೆ, ಮೇಲೆ ಉಗುರಿನಂಥ ತೆಳು ಹೊದಿಕೆ. ಹೊಡೆದರೆ ನೋಯುತ್ತದೆ, ಒಡೆದರೆ ರಕ್ತ ಬರುತ್ತದೆ. ಮೊನ್ನೆ ಭಾನುವಾರ ಆ ರಕ್ತವನ್ನು ನನ್ನ ಸೆರಗಿನಿಂದ ಒರೆಸಿದ ಮೇಲೆ ಆ ಸಾಲು ನನಗೆ ರುಚಿಸುತ್ತಿಲ್ಲ. ಗಾಬರಿಯಾಗಬೇಡ. ನಿನ್ನ ಬಿಲ್ಲೆ ಬದುಕಿದೆ. ಈ ಮಾತನ್ನು ಮೊದಲು ಓದಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಉಳಿದದ್ದನ್ನು ಓದು.

ನೀನು ಹೇಗಿದ್ದೀಯ? ಚಳಿ ಶುರುವಾಗಿದೆ, ಮುರಿದು ಕೂಡಿಸಿದ ಮಣಿಕಟ್ಟು ನೋಯುತ್ತಿರಬೇಕು. ಬಿಸಿ ಎಣ್ಣೆ ಹಚ್ಚಿಕೋ, ತುಂಬಿದ ಬಕೆಟ್ ಆ ಕೈಯಲ್ಲಿ ಎತ್ತಬೇಡ. ಮುಂದಿನ ಹಲ್ಲು ಕಟ್ಟಿಸಿಕೊಂಡೆಯಾ? ನೀನೆಲ್ಲಿದ್ದೀಯ, ನಿನ್ನ ಹೊಸ ಫೋನ್ ನಂಬರೇನು ಎಂದು ಪಕ್ಕದ ಹಿಟ್ಟಿನ ಗಿರಣಿಯ ಹುಲಿಯಮ್ಮನನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ನಿನಗೆ ಆಸರೆ ಕೊಟ್ಟ ಹೆಂಗಸರ ಆಶ್ರಯಮನೆಯಲ್ಲಿ ಅವರ ತಂಗಿಯ ಮಗಳು ಅಡುಗೆಗಿದ್ದಾಳೆ, ಅವಳ ಮೂಲಕ ಕಾಗದ ನಿನ್ನ ಕೈಸೇರುತ್ತದೆ, ನನಗೆ ಅಷ್ಟು ಸಾಕು. ನನಗೇ ಗೊತ್ತಿಲ್ಲದ್ದನ್ನು ಹರಿ ನನ್ನ ಬಾಯಿಂದ ಹೊರಡಿಸಲಾರ. ಹರಿಪ್ರಸಾದ ನನ್ನ ತಮ್ಮ, ನಿನ್ನ ಗಂಡ. ಇವೆರಡರಲ್ಲಿ ಯಾವುದನ್ನು ಮೊದಲು ಬರೆಯಬೇಕು ಎಂದು ಪ್ರತಿ ಕಾಗದದಲ್ಲೂ ಪೆನ್ನು ತಡವರಿಸುತ್ತದೆ.

ಮೊದಲು ಬಿಲ್ಲೆಯ ಸುದ್ದಿ ಹೇಳಿಬಿಡುತ್ತೇನೆ. ಹೋದ ವರ್ಷದ ದೀಪಾವಳಿಯಲ್ಲಿ ನೀನು ಸಾಗರದ ಮನೆ ಬಿಟ್ಟು ಬಂದು, ಟವೆಲಿನಲ್ಲಿ ಸುತ್ತಿದ ಅದನ್ನು ನನ್ನ ಮಡಿಲಿಗಿಟ್ಟು ಹೋದೆಯಲ್ಲ, ಆಗ ಅದು ಇಡ್ಲಿಯಷ್ಟಿತ್ತು. ಈಗ ನನ್ನ ಅಂಗೈ ತುಂಬಿ ಬೆರಳಿನಾಚೆ ಹೋಗುತ್ತದೆ. ಬೆನ್ನಿನ ಒಂದೊಂದು ಫಲಕಕ್ಕೂ ಸುತ್ತ ಹೊಸ ಗೆರೆ ಮೂಡಿದೆ, ಅರಿಸಿನದ ಬಣ್ಣದ ಚುಕ್ಕೆಗಳು ಚೆದುರಿ ಅಗಲವಾಗಿವೆ. ಹಿತ್ತಲಲ್ಲಿ ಒಡೆದ ಸಿಮೆಂಟ್ ತೊಟ್ಟಿಗೆ ಮಣ್ಣು, ಕೊಳೆತ ತರಗೆಲೆ ತುಂಬಿ ಮನೆ ಮಾಡಿದ್ದೇನೆ, ನೀರಿಗೆ ಒಂದು ಚಪ್ಪಟೆ ತಟ್ಟೆ. ಮಳೆಗಾಲದಲ್ಲಿ ಮೂರು ತಿಂಗಳು ಬಿಸಿಲಿಲ್ಲದೆ ಚಿಪ್ಪು ಹೆಬ್ಬೆರಳಿಗೆ ಮೆತ್ತಗೆ ಸಿಕ್ಕತೊಡಗಿದಾಗ ನನ್ನ ನಿದ್ದೆ ಹಾರಿಹೋಯಿತು. ನೀನು ಬರೆದಿದ್ದ ಬಿಸಿಲಿನ ಬಲ್ಬನ್ನೇ ತರಿಸಿ ತೂಗುಹಾಕಿದೆ, ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಪಪ್ಪಾಯಿಗೆ ಉದುರಿಸಿದೆ. ಈಗ ಬೆರಳಿನಿಂದ ಕುಟ್ಟಿದರೆ ಟಕ್ ಎನ್ನುತ್ತದೆ. ಆದರೆ ಅದು ನೀನು ತಿಳಿದಷ್ಟು ಸಾಧುವಲ್ಲ ಮಾರಾಯ್ತಿ. ಎರೆಹುಳವನ್ನು ಮುಂಗಾಲಿನಲ್ಲಿ ಒತ್ತಿ ಹಿಡಿದು, ಬಾಯಿಂದ ಎಳೆದು ಎರಡು ತುಂಡು ಮಾಡುತ್ತದೆ, ಒಂದು ತುಂಡು ನುಂಗುವಾಗ ಇನ್ನೊಂದು ಅದರ ಕಾಲಿನಡಿ ಹೊರಳುತ್ತಿರುತ್ತದೆ. ಬಸವನಹುಳುವಿನ ಚಿಪ್ಪು ಅದರ ದವಡೆಯಲ್ಲಿ ಮುರಿಯುವ ಸದ್ದು ಅಡುಗೆಮನೆಗೆ ಕೇಳಿಸುತ್ತದೆ. ಮುಗಿಸಿದ ಮೇಲೆ ಮೂತಿಯನ್ನು ತರಗೆಲೆಗೆ ಒರೆಸಿಕೊಂಡು ನನ್ನನ್ನು ನೋಡುತ್ತದೆ. ಅದು ನೋಡುವಾಗ ನನಗೆ ಸಂತೋಷವೇ ಆಗುತ್ತದೆ, ಯಾಕೋ.

ಜೂನ್ ತಿಂಗಳಲ್ಲಿ ಒಂದು ಕೆಂಬೂತ ಬಂದು ಅದರ ಮೇಲೆ ಕೂತಿತ್ತು. ನಿನಗೆ ಬರೆದಿರಲಿಲ್ಲ. ಬಿಲ್ಲೆ ತಲೆಯನ್ನು ಎಷ್ಟು ಒಳಗೆಳೆದುಕೊಂಡರೂ ಮುಂದುಗಡೆ ತೆರೆದೇ ಇತ್ತಲ್ಲ, ಹಕ್ಕಿ ಆ ಸಂದಿಗೆ ಕೊಕ್ಕು ಹಾಕಿ ಹಾಕಿ ಕುಕ್ಕುತ್ತಿತ್ತು. ಪೊರಕೆಯಲ್ಲಿ ಬಾರಿಸಿ ಓಡಿಸುವಷ್ಟರಲ್ಲಿ ಎಡಗಾಲಿನ ಒಂದು ಉಗುರು ಹೋಗಿತ್ತು. ಆಗ ಶಿವಮೊಗ್ಗದ ಅಂಗಡಿಯವನನ್ನು ಬೈದುಕೊಂಡೆ. ಹೊರದೇಶದ ತಳಿ, ಡಬ್ಬಿ ಆಮೆ, ದೊಡ್ಡದಾದ ಮೇಲೆ ಡಬ್ಬಿ ಹಂಗೆ ಮುಚ್ಕೊಳ್ತದೆ ನೋಡ್ತಿರಿ ಮೇಡಂ ಎಂದು ನಿನಗೆ ಕೊಟ್ಟಿದ್ದನಲ್ಲ. ನೀನು ಮೂರು ವರ್ಷ ಕಾದೆ, ಅದು ಒಂದು ದಿನವೂ ಮುಚ್ಚಿಕೊಳ್ಳಲಿಲ್ಲ. ನಿಮ್ಮ ಬಚ್ಚಲಿನ ಚಿಲಕವನ್ನು ಹರಿ ಕಿತ್ತು ಬಿಸಾಡಿದ ವಾರ ನೀನು ಫೋನಿನಲ್ಲಿ ನಕ್ಕುಕೊಂಡೇ ಅಂದಿದ್ದೆ, "ಈ ಮನೇಲಿ ಬಾಗ್ಲು ಹಾಕ್ಕೊಳ್ಳೋ ಭಾಗ್ಯ ನಮ್ಮಿಬ್ರಿಗೂ ಇಲ್ಲ ಅಕ್ಕ." ಶ್ರಾವಣದಲ್ಲಿ ತೊಟ್ಟಿ ತೊಳೆಯಲು ಅದನ್ನು ಮಗುಚಿದಾಗ ಹೊಟ್ಟೆಯ ಕಡೆ ಅಡ್ಡಕ್ಕೆ ಒಂದು ಗೆರೆ ಕಂಡಿತು. ಚಿಪ್ಪು ಬಿರಿಯಿತು, ನನ್ನ ಕೈಯಲ್ಲೇ ಸಾಯುತ್ತದೆ ಎಂದುಕೊಂಡೆ. ಕಾಲೇಜಿನ ಗ್ರಂಥಾಲಯದಲ್ಲಿ ನಾನೇ ಇಷ್ಟು ವರ್ಷ ಜೋಡಿಸಿಟ್ಟ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಮೊದಲ ಸಲ ಬಿಚ್ಚಿ ಓದಿದೆ. ಅದು ಬಿರುಕಲ್ಲ, ಕೀಲು. ಮರಿಯಾಗಿದ್ದಾಗ ಇರುವುದಿಲ್ಲ, ಬೆಳೆಯುತ್ತ ಕೂಡಿಬರುತ್ತದೆ. ಆದರೂ ಅದು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಮುಚ್ಚಿಕೊಳ್ಳುವಷ್ಟು ಹೆದರಿಸುವವರು ಈ ಮನೆಯಲ್ಲಿ ಇರಲಿಲ್ಲ.

ಭಾನುವಾರ ಸಾಗರದ ಬಸ್ಸಿಳಿದು ಹರಿ ಬಂದ. ಕೈಯಲ್ಲಿ ನನಗೆ ಇಷ್ಟವೆಂದು ಒಂದು ಡಬ್ಬಿ ಜೋನಿಬೆಲ್ಲ. ದೋಸೆ ಹೊಯ್ದುಕೊಟ್ಟೆ, ತಿಂದ. ತಿಂದು ಕೈತೊಳೆದು, "ಅಡ್ರೆಸ್ ಕೊಡೆ ಅಕ್ಕ" ಎಂದ. ಗೊತ್ತಿಲ್ಲ ಎಂದೆ. "ನಾನೆಂತ ಹುಲಿಯಾ ಅವಳನ್ನ ತಿನ್ನಕ್ಕೆ? ಮನೆಗೆ ಬಾ ಅಂತ ಕರೆಯೋದೂ ತಪ್ಪಾ?" ಎಂದು ನಗುತ್ತ ಹಿತ್ತಲಿಗೆ ನಡೆದ. ಹೋಗಿ ತೊಟ್ಟಿಯಿಂದ ಬಿಲ್ಲೆಯನ್ನು ಎತ್ತಿಕೊಂಡ. "ನನಗಾಗಿ ಬರಲ್ಲ ಅಲ್ವಾ? ಇದಕ್ಕಾಗಿ ಬರ್ತಾಳೆ. ಸಾಗರಕ್ಕೆ ತಗೊಂಡು ಹೋಗ್ತೀನಿ, ಹಸಿದುಕೊಂಡು ಬಿದ್ದಿರತ್ತೆ, ಬಂದು ಮೇಯಿಸ್ಲಿ." ಕೆಳಗಿಡು ಎಂದೆ. ಅವನು ನನ್ನ ಮುಖ ನೋಡುತ್ತಲೇ ತೋರುಬೆರಳನ್ನು ಅದರ ಕತ್ತಿನ ಸಂದಿಗೆ ತೂರಿಸಿ ತಲೆಯನ್ನು ಹೊರಗೆಳೆಯಲು ಹೋದ.

ಆಗ ಅದು ಮುಚ್ಚಿಕೊಂಡಿತು ಕಾವ್ಯಾ. ಹೊಟ್ಟೆಯ ಮುಂಭಾಗ ಮೇಲೆದ್ದು ಬೆನ್ನಿಗೆ ಕಚ್ಚಿಕೊಂಡಿತು, ನಡುವೆ ಹರಿಯ ಬೆರಳು. ಅವನು ಕೂಗಿದ ಕೂಗಿಗೆ ಗಿರಣಿಯ ಸದ್ದೂ ನಿಂತಿತು. ಕೊಡವಿದ, ಬಿಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಬೀಸಿ ಹೊಡೆದ. ಮತ್ತೆ ಹೊಡೆದ. ತೆಂಗಿನಕಾಯಿ ಒಡೆಯುವಂಥದೇ ಸದ್ದು, ಅಂಚಿನ ಒಂದು ಚೂರು ಹಾರಿ ನನ್ನ ಕಾಲಿಗೆ ಬಿತ್ತು. ಬೆರಳು ಬಿಡಿಸಿಕೊಂಡವನೇ ಅದನ್ನು ಬಾವಿಗೆ ಎಸೆದ. ಎಸೆದು, ಬೆರಳನ್ನು ಬಾಯಲ್ಲಿಟ್ಟುಕೊಂಡು, ಚಿಕ್ಕಂದಿನಲ್ಲಿ ನನ್ನ ಸ್ಲೇಟು ಒಡೆದಾಗ ಆಡುತ್ತಿದ್ದ ದನಿಯಲ್ಲಿ ಹೇಳಿದ, "ಎಂತಾಯ್ತು ಈಗ? ಆಮೆ ಬಾವೀಲೇ ಇರ್ಬೇಕಾದ್ದು. ಅಜ್ಜನ ಮನೆ ಬಾವೀಲೂ ಇತ್ತಲ, ನೀರು ಚೊಕ್ಕ ಇರತ್ತೆ ಅಂತ ಬಿಟ್ಟಿದ್ದು." ನಮ್ಮ ಕಡೆ ಎಲ್ಲರೂ ಹಾಗೆ ಬಿಡುತ್ತಿದ್ದರು, ನಿಜ. ಅದು ನೀರಿನ ಆಮೆ. ಇದು ನೆಲದ್ದು, ತಟ್ಟೆಯ ನೀರಿನಾಚೆ ಈಜಿ ಗೊತ್ತಿಲ್ಲದ್ದು. ಇದನ್ನು ಅವನಿಗೆ ಹೇಳುತ್ತಲೇ ಕೊಡಪಾನಕ್ಕೆ ಹಗ್ಗ ಬಿಗಿದೆ. ಅವನು ಹಗ್ಗದ ಮೇಲೆ ಕಾಲಿಟ್ಟು ನಿಂತ. "ಅಡ್ರೆಸ್ ಹೇಳು, ಕಾಲು ತೆಗೀತೀನಿ." ಕೆಳಗೆ ನೀರಿನ ಮೇಲೆ ಅದು ಮುಚ್ಚಿದ ಡಬ್ಬಿಯಂತೆ ತೇಲುತ್ತ ಗೋಡೆಗೆ ಬಡಿಯುತ್ತಿತ್ತು.

ಕೊಡಪಾನವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕೈಗೆ ಹೊಡೆದೆ. ಮೂಳೆಯ ಸದ್ದು ಕೇಳಿತು. ಅವನು ಇನ್ನೊಂದು ಕೈಯಿಂದ ನನ್ನನ್ನು ಬಾವಿಕಟ್ಟೆಗೆ ದೂಡಿದ, ಹೆಗಲು ಜಜ್ಜಿತು. ನಾನು ಮತ್ತೆ ಎತ್ತಿದೆ. ಅಷ್ಟರಲ್ಲಿ ಹುಲಿಯಮ್ಮ ಗಿರಣಿಯ ಹಳೆಯ ಬೆಲ್ಟು ಹಿಡಿದುಕೊಂಡೇ ಬಂದರು, ಮುಖ ಪೂರ್ತಿ ರಾಗಿಹಿಟ್ಟು. "ಹರಿಯಪ್ಪ, ಒಂದು ಕೈ ಹೋಯ್ತು. ಬಸ್ಸಲ್ಲಿ ಕಂಬಿ ಹಿಡ್ಕೊಳ್ಳಕ್ಕೆ ಇನ್ನೊಂದು ಬೇಕಾ ಬ್ಯಾಡ್ವಾ?" ಎಂದರು. ಅವನು ಹಗ್ಗದಿಂದ ಕಾಲು ತೆಗೆದ. ಹುಲಿಯಮ್ಮ ಬಾವಿಗೆ ಬಗ್ಗಿ ಆಚೆ, ಈಚೆ ಎಂದು ಹೇಳಿದಂತೆ ನಾನು ಕೊಡಪಾನ ಇಳಿಸಿ ಬಿಲ್ಲೆಯನ್ನು ಮೊಗೆದು ಮೇಲೆ ತಂದೆ, ಕಟ್ಟೆಯ ಮೇಲಿಟ್ಟೆ. ತಲೆಯಿಲ್ಲ, ಕಾಲಿಲ್ಲ, ಒಡೆದ ಅಂಚಿನಿಂದ ರಕ್ತ ಬೆರೆತ ನೀರು ಸೋರುತ್ತಿತ್ತು. ಹರಿ ಅದನ್ನು ನೋಡಿ, "ಸತ್ತೋಯ್ತಲ" ಎಂದ. ಜೇಬಿನಿಂದ ಫೋನು ತೆಗೆದು ಎಡಗೈಯಲ್ಲೇ ಅದರ ಫೋಟೊ ಹೊಡೆದುಕೊಂಡು ಹೋದ. ಮನುಷ್ಯ ಇಂಥ ಹೊತ್ತಿನಲ್ಲೂ ಫೋಟೊ ತೆಗೆಯುತ್ತಾನಲ್ಲ ಎಂದಷ್ಟೇ ಅಂದುಕೊಂಡೆ.

ಆ ಮೊಣಕೈ ಮುರಿದಿದೆಯಂತೆ. ಆ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಹೊಡೆದೆನಲ್ಲ ಎಂಬ ದುಃಖ ಬರುತ್ತದೆಂದು ಎರಡು ದಿನದಿಂದ ಕಾಯುತ್ತಿದ್ದೇನೆ, ಬಂದಿಲ್ಲ. ಆ ಸದ್ದು ಕಿವಿಗೆ ಬಿದ್ದಾಗ ನನಗೆ ಹಿತವಾಯಿತು. ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ನನ್ನನ್ನು ಹೆದರಿಸುತ್ತಿರುವುದು ಹರಿಯಲ್ಲ, ಅದು. ಒಂದೇ ಮನೆಯ ಅನ್ನ ತಿಂದು ಬೆಳೆದವರು ನಾವಿಬ್ಬರು.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಲ್ಲೆ ತೆರೆಯಿತು. ಮೊದಲು ಕೂದಲೆಳೆಯಷ್ಟು ಸಂದು, ಆಮೇಲೆ ಒಂದು ಮೂಗಿನ ಹೊಳ್ಳೆ, ಆಮೇಲೆ ಕೆಂಪು ಕಣ್ಣು. ಹುಲಿಯಮ್ಮ, ನಾನು ದೀಪ ಹತ್ತಿರ ಹಿಡಿದು ನೋಡುತ್ತ ಕೂತಿದ್ದೆವು. ನಿನ್ನೆ ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ನಮ್ಮ ಪುಸ್ತಕದಲ್ಲಿ ಆಮೆ ಕಡೇ ಪಾಠ. ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದಿತ್ತು" ಎಂದರು. ಆದರೂ ಯಾರಿಗೋ ಫೋನು ಮಾಡಿ ಕೇಳಿಕೊಂಡು, ಗಾಯ ತೊಳೆದು, ಔಷಧಿ ಹಚ್ಚಿ ಪಟ್ಟಿ ಹಾಕಿದರು. ಬಿರುಕು ಮಾಂಸದವರೆಗೆ ಹೋಗಿಲ್ಲ, ಕೀಲಿಗೂ ಏನೂ ಆಗಿಲ್ಲ. ಮೂಳೆ ಕೂಡುವುದಕ್ಕೆ ತಿಂಗಳುಗಳು ಬೇಕು, ಹಾರಿಹೋದ ಚೂರಿನ ಜಾಗ ಹಾಗೇ ಉಳಿಯುತ್ತದೆ. ಇವತ್ತು ಬೆಳಿಗ್ಗೆ ಒಂದು ಎರೆಹುಳ ತಿಂದಿತು. ನಾನೇ ಹಿಡಿದು ಕೊಟ್ಟೆ, ಹರಿದು ತಿನ್ನುವುದನ್ನು ಕೊನೆಯವರೆಗೂ ನೋಡಿದೆ. ಹುಲಿಯಮ್ಮ ತಮ್ಮ ಫೋನಿನಲ್ಲಿ ಅದರ ವೀಡಿಯೊ ತೆಗೆದುಕೊಂಡರು.

ನನ್ನ ಹೆಗಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೇನೆ, ಕಾಲೇಜಿಗೆ ವಾರ ರಜೆ ಹಾಕಿದ್ದೇನೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟೆ, ನಾನು ಹೊಡೆದದ್ದನ್ನೂ ಸೇರಿಸಿ. ನಿನ್ನ ಕೇಸಿನಲ್ಲಿ ಸಾಕ್ಷಿಗೆ ಕರೆದರೆ ಬರುತ್ತೇನೆ ಎಂದು ನಿನ್ನ ವಕೀಲರಿಗೆ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ನನ್ನ ನೆನಪು ತಿಳಿಸು. ನಿನ್ನ ಕೈಗೆ ಬಲ ಬರಲಿ, ರಾತ್ರಿ ನಿದ್ದೆ ಬರಲಿ, ದೇವರಲ್ಲಿ ಸದ್ಯ ಇಷ್ಟೇ ಕೇಳುತ್ತಿದ್ದೇನೆ.

ನಿನ್ನ
ವಾಗಕ್ಕ

ಇನ್ನೊಂದು ಮಾತು: ಲಕೋಟೆಗೆ ಗೋಂದು ಹಚ್ಚುವಾಗ ಹುಲಿಯಮ್ಮ ಬಂದಿದ್ದಾರೆ, ಬಾಗಿಲಲ್ಲೇ ನಿಂತಿದ್ದಾರೆ, ಅವರು ಹೇಳುತ್ತಿರುವುದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ಹರಿ ಆ ಫೋಟೊವನ್ನು ತೀರ್ಥಹಳ್ಳಿಗೆ, ನಿನ್ನ ಅಮ್ಮ ವನಮಾಲಾ ಅವರಿಗೆ ಕಳಿಸಿದನಂತೆ, ಅವರು ನಿನಗೆ ಕಳಿಸಿದರಂತೆ. ನಿನ್ನೆಯಿಂದ ನೀನು ಊಟ ಬಿಟ್ಟಿದ್ದೀಯಂತೆ, ನಾಳೆ ಬೆಳಗಿನ ಬಸ್ಸಿಗೆ ಹೊರಟು ಬರುತ್ತೀಯಂತೆ, ಬಿಲ್ಲೆಯನ್ನು ನಿನ್ನ ಕೈಯಾರೆ ಮಣ್ಣು ಮಾಡಬೇಕಂತೆ. ಬರಬೇಡ ಕಾವ್ಯಾ. ಬಸ್ ಸ್ಟ್ಯಾಂಡಿನಲ್ಲಿ ಅವನು ನಿಂತಿರುತ್ತಾನೆ, ಅವನಿಗೆ ಬೇಕಾದದ್ದು ಅದೇ. ಆ ಫೋಟೊದಲ್ಲಿರುವುದು ಹೆಣವಲ್ಲ. ನೀನು ಎಂದೂ ನೋಡದ ಬಿಲ್ಲೆ ಅದು, ಬೆಳೆದದ್ದು, ಮುಚ್ಚಿಕೊಂಡದ್ದು. ಹುಲಿಯಮ್ಮನ ತಂಗಿಯ ಮಗಳು ಇದನ್ನೇ ಹೇಳಿದಳಂತೆ, ನೀನು ನಂಬಲಿಲ್ಲವಂತೆ. ಬೆಳಿಗ್ಗೆಯ ವೀಡಿಯೊ ತೋರಿಸಿದರೆ ಹಳೆಯದು ಎಂದೆಯಂತೆ, ವಾಗಕ್ಕ ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆ ಎಂದೆಯಂತೆ. ಇನ್ನು ಹೇಗೆ ಬರೆದರೆ ನಂಬುತ್ತೀಯೋ ತಿಳಿಯದೆ ಕೂತಿದ್ದೇನೆ. ಹುಲಿಯಮ್ಮ ಗಿರಣಿಗೆ ಬೀಗ ಹಾಕಿಯೇ ಬಂದಿದ್ದಾರೆ, ಕಂಕುಳಲ್ಲಿ ಮುಚ್ಚಳದ ಬುಟ್ಟಿ. ಹೇಳುತ್ತಿದ್ದಾರೆ: "ಬರ್ದಿದ್ದು ಸಾಕು ವಾಗಮ್ಮ, ಐದು ಗಂಟೆ ಬಸ್ಸು ತಪ್ತದೆ. ನಿಮ್ಮನ್ನಾದ್ರೆ ಅವ್ನು ಹಿಂಬಾಲಿಸ್ತಾನೆ, ಹಿಟ್ಟಿನೋಳ ಬುಟ್ಟೀಲಿ ಏನೈತಿ ಅಂತ ಯಾರು ನೋಡ್ತಾರೆ? ಕಾಗ್ದಾನೂ ಕೊಡಿ, ಆಮೇನೂ ಕೊಡಿ. ಕಾಗ್ದ ನಂಬ್ದಿದ್ರೆ ಬೆರಳು ಕಚ್ಚಿಸ್ಕೊಂಡು ನಂಬ್ಲಿ."