ಶಾಖದ ಬಟ್ಟೆ

ಶುಕ್ರವಾರ, ಮಧ್ಯಾಹ್ನ
ಇಸ್ತ್ರಿ ಅಂಗಡಿಯಿಂದ

ಪುಟ್ಟಿಗೆ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಎರಡು ಬೀದಿ ಆಚೆ ಇದ್ದುಕೊಂಡು ಅಂಚೆಯಲ್ಲಿ ಕಳಿಸಿದ್ದೀಯ. ಇನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತಬೇಡ ಅಂದಿದ್ದೆ, ಆ ಒಂದು ಮಾತನ್ನಾದರೂ ಕೇಳಿದ್ದೀಯ, ಸಂತೋಷ. ಹೋದ ಚಳಿಗಾಲದಿಂದ ಒಂದಕ್ಷರ ಬರೆಯದವಳು ಇಷ್ಟುದ್ದ ಬರೆದಿದ್ದೀಯ ಎಂದರೆ ಯಾರಿಗೋ ಎಲ್ಲೋ ನೋಯುತ್ತಿರಬೇಕು ಅಂದುಕೊಂಡೇ ಒಡೆದೆ. ಎರಡನೇ ಸಾಲಿನಲ್ಲಿ ‘ಭಾವನಿಗೆ ಕುತ್ತಿಗೆ ನೋವು’ ಅಂತ ಬರೆದು, ‘ಭಾವನಿಗೆ’ ಅನ್ನುವುದನ್ನು ಹೊಡೆದುಹಾಕಿ ‘ಇವರಿಗೆ’ ಅಂತ ತಿದ್ದಿದ್ದೀಯ. ಪರವಾಗಿಲ್ಲ, ರೂಢಿಯಾಗಲು ಸಮಯ ಬೇಕು. ನನ್ನ ಗಂಡನಾಗಿದ್ದಾಗ ನಾನೂ ‘ಅವರು’ ಅನ್ನುತ್ತಿದ್ದೆ. ಈಗ ‘ಅವನು’ ಅನ್ನುತ್ತೇನೆ, ನೀನು ಬೇಸರ ಮಾಡಿಕೊಳ್ಳಬೇಡ. ಅವನ ಮರ್ಯಾದೆಯ ಜವಾಬ್ದಾರಿ ಈಗ ನಿನ್ನದು.

ಕುತ್ತಿಗೆ ನೋವು ಹೋದರೆ ಅವನು ಮೊದಲಿನ ಹಾಗಾಗುತ್ತಾನೆ, ಗೋಡೆ ಕಡೆ ಮುಖ ಮಾಡಿ ಮಲಗುವುದನ್ನು ಬಿಡುತ್ತಾನೆ, ನಿನ್ನ ಜೊತೆ ನಗುತ್ತಾ ಮಾತಾಡುತ್ತಾನೆ ಅಂತ ಬರೆದಿದ್ದೀಯ. ‘ಅಕ್ಕಾ, ಹೇಗಾದರೂ ಮಾಡಿ ಇವರನ್ನು ಮೊದಲಿನ ಹಾಗೆ ಮಾಡಿಕೊಡು’ ಅಂತ ಬರೆದ ಕೊನೆಯ ಪುಟದಲ್ಲಿ ಕಣ್ಣೀರು ಬಿದ್ದು ಶಾಯಿ ಹರಡಿದೆ. ಯಾವ ಮೊದಲು ಪುಟ್ಟೀ? ನಿನ್ನ ಮೊದಲೋ, ನನ್ನ ಮೊದಲೋ? ಇರಲಿ. ನೋವು ಅಂತ ಕೇಳಿಕೊಂಡು ಬಂದವರನ್ನು ಅಮ್ಮ ಯಾವತ್ತೂ ಬರಿಗೈಯಲ್ಲಿ ಕಳಿಸಿದವಳಲ್ಲ. ನಾನೂ ಕಳಿಸುವುದಿಲ್ಲ.

ಕುತ್ತಿಗೆಯಿಂದ ಶುರು ಮಾಡುತ್ತೇನೆ. ಗಡಿಯಾರ ರಿಪೇರಿ ಮಾಡುವವನ ಕುತ್ತಿಗೆ ಬೇರೆಯವರ ಕುತ್ತಿಗೆಯಂತಲ್ಲ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ಸ್ಕ್ರೂ ಹಾರಿಹೋದೀತೆಂದು ಉಸಿರು ಬಿಗಿಹಿಡಿದು, ತಲೆಯನ್ನು ಎಡಕ್ಕೆ ವಾಲಿಸಿ ಕೂರುತ್ತಾನೆ. ಹಾಗಾಗಿ ನೋವು ಬಲಗಿವಿಯ ಹಿಂದೆ ಹುಟ್ಟಿ ಹೆಗಲಿಗೆ ಇಳಿಯುತ್ತದೆ. ಮೊದಲು ಅವನ ಅಂಗಡಿಯ ಮೇಜು ನೋಡು. ಅದರ ಕಾಲುಗಳ ಕೆಳಗೆ ನಾನು ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದ್ದೆ. ನನ್ನ ನೆನಪಿನ ವಸ್ತು ಅಂತ ನೀನು ಅದನ್ನೂ ತೆಗೆಸಿದ್ದರೆ ಮತ್ತೆ ಇಡಿಸು. ಮೇಜು ತಗ್ಗಾದರೆ ಯಾವ ಎಣ್ಣೆಯೂ ಉಪಯೋಗಕ್ಕೆ ಬರುವುದಿಲ್ಲ.

ಕಲ್ಲುಪ್ಪನ್ನು ಬಾಣಲೆಯಲ್ಲಿ ಒಣಗಾಗಿ ಹುರಿ. ಚಟಪಟ ಅಂದ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟು. ಕಟ್ಟಿದ ಕೂಡಲೇ ಒತ್ತಬೇಡ, ಚರ್ಮ ಸುಡುತ್ತದೆ. ನಿನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ, ನೀನು ತಡೆದುಕೊಳ್ಳುವಷ್ಟಿದ್ದರೆ ಮಾತ್ರ ಅವನಿಗೆ ಕೊಡು. ಕುತ್ತಿಗೆಯ ನಡುವಿನ ಮೂಳೆಯ ಮೇಲೆ ಇಡದೆ ಅದರ ಆಚೆ ಈಚೆ ಇಡಬೇಕು. ಆಮೇಲೆ ಎಳ್ಳೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿಸಿ, ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಹೆಬ್ಬೆರಳಲ್ಲಿ ನಿಧಾನಕ್ಕೆ ಇಳಿಸು. ಮೊದಲು ‘ಸಾಕು ಸಾಕು’ ಅನ್ನುತ್ತಾನೆ, ಕೇಳಿಸಿಕೊಳ್ಳಬೇಡ. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿ ‘ನಿನ್ನ ಕೈಯಲ್ಲಿ ಏನೋ ಇದೆ ಕಣೇ’ ಅನ್ನುತ್ತಾನೆ. ನನಗೂ ಅಂದಿದ್ದ, ನಿನಗೂ ಅಂದಿರಬೇಕು. ನಂಬಿ ಉಬ್ಬಬೇಡ. ಕೈಯಲ್ಲಿ ಇರುವುದು ಬೆಳ್ಳುಳ್ಳಿ ಎಣ್ಣೆ.

ಕಣ್ಣುರಿಗೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಸಾಕು. ಆಗಾಗ ಭೂತಗನ್ನಡಿ ತೆಗೆದು ಬೀದಿಯ ಕೊನೆವರೆಗೆ ನೋಡಲು ಹೇಳು. ದೂರ ನೋಡಿದರೆ ಕಣ್ಣಿಗೆ ವಿಶ್ರಾಂತಿ. ಹೋಗಿಬರುವ ಹೆಂಗಸರನ್ನು ನೋಡುತ್ತಾನೆ ಅಂತ ನೀನು ಹೆದರಬೇಕಾಗಿಲ್ಲ. ಅವನು ದೂರದವರನ್ನು ನೋಡುವವನಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಜೋಮು ಹಿಡಿಯಲು ಶುರುವಾದರೆ, ಚಿಮುಟ ಬೆರಳಿಂದ ಜಾರುತ್ತಿದ್ದರೆ ಮಾತ್ರ ನನ್ನ ಕಾಗದ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅದು ಉಪ್ಪಿನ ಗಂಟಿಗೆ ಬಗ್ಗುವ ನೋವಲ್ಲ.

ಇದೆಲ್ಲ ನಿನಗೆ ಗೊತ್ತಿರಬೇಕಿತ್ತು. ನನ್ನ ಬಲಗೈ ಇಸ್ತ್ರಿಯ ಹಬೆಗೆ ಬೆಂದು ಬೊಬ್ಬೆ ಎದ್ದಾಗ, ಅವನ ಕುತ್ತಿಗೆ ತಿಕ್ಕುವವರಿಲ್ಲ ಎಂದು ನಿನ್ನನ್ನು ಕರೆಸಿಕೊಂಡವಳು ನಾನೇ. ಪಕ್ಕದಲ್ಲಿ ನಿಂತು ಹೇಳಿಕೊಟ್ಟೆ. ನನ್ನ ಕೈ ವಾಸಿಯಾಯಿತು, ಅವನ ಕುತ್ತಿಗೆ ವಾಸಿಯಾಗಲೇ ಇಲ್ಲ. ನಾನು ಅಂಗಡಿಯಲ್ಲಿ ನಿಂತರೆ ನೀನು ಮನೆಯಲ್ಲಿ ಎಣ್ಣೆ ಕಾಯಿಸುತ್ತಿದ್ದೆ. ಎಷ್ಟು ಒಳ್ಳೆಯ ತಂಗಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ, ಮಂಕುದಿಣ್ಣೆ ನಾನು. ಆಮೇಲೆ ಒಂದು ದಿನ ನಿನ್ನ ಹೂವಿನ ಅಂಗಿ ಇಸ್ತ್ರಿಗೆ ಬಂತು. ಬಿಸಿ ತಾಗಿದ್ದೇ ತಡ, ಬೆಳ್ಳುಳ್ಳಿ ಎಣ್ಣೆಯ ವಾಸನೆ ಗಮ್ಮೆಂದಿತು. ಕುತ್ತಿಗೆ ತಿಕ್ಕುವವಳ ಅಂಗೈಗೆ ಎಣ್ಣೆ ಮೆತ್ತಬೇಕು, ಹೆಚ್ಚೆಂದರೆ ತೋಳಿಗೆ. ನಿನ್ನ ಅಂಗಿಯ ಬೆನ್ನಿಗೆ ಮೆತ್ತಿತ್ತು. ಬೆರಳುಗಳ ಗುರುತೂ ಇತ್ತು. ಅವತ್ತು ಅಂಗಿಯನ್ನು ಗರಿಗರಿಯಾಗಿ ಮಡಿಸಿ ನಿನ್ನ ಕೈಗೆ ಕೊಟ್ಟೆ. ನೀನು ‘ಥ್ಯಾಂಕ್ಸ್ ಅಕ್ಕಾ’ ಅಂದೆ.

ಈಗ ಹಳೆಯದನ್ನು ಕೆದಕುವುದು ಬೇಡ. ಅವನು ಮನೆಯ ಹಾಸಿಗೆ ಮೆತ್ತಗಾಯಿತು ಅಂತ ಎಷ್ಟೋ ರಾತ್ರಿ ಗಡಿಯಾರದಂಗಡಿಯ ಹಿಂದಿನ ಕೋಣೆಯ ಬೆಂಚಿನ ಮೇಲೆ ಮಲಗುತ್ತಿದ್ದಾನೆ, ಬಿಡಲೋ ಬೇಡವೋ ಅಂತ ಕೇಳಿದ್ದೀಯ. ಬಿಡು. ಗಟ್ಟಿ ಹಾಸು ಬೆನ್ನಿಗೆ ಒಳ್ಳೆಯದು. ನೀನು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಅವನ ನಿದ್ದೆ ಕೆಡಿಸಬೇಡ. ಅಂಗಡಿಯ ಮೇಲ್ಮಹಡಿಯಲ್ಲಿರುವ ಡ್ರಾಯಿಂಗ್ ಟೀಚರ್ ಪಾಪ ಬಹಳ ಒಳ್ಳೆಯವಳು, ಅವನಿಗೆ ಶಾಖಕ್ಕೆ ಬಿಸಿನೀರು ಇಳಿಸಿಕೊಡುತ್ತಾಳೆ ಅಂತಲೂ ಬರೆದಿದ್ದೀಯ. ಅಂಥವರು ಸಿಗುವುದು ಅಪರೂಪ. ಉಪಕಾರ ಮರೆಯಬೇಡ, ಒಮ್ಮೆ ಮನೆಗೆ ಕರೆದು ಊಟ ಹಾಕು.

ಇನ್ನು ಶಾಖದ ಬಟ್ಟೆ. ಅಪ್ಪನ ಹಳೇ ಕಂಬಳಿ ಕತ್ತರಿಸಿ, ನಾನೇ ಅಂಚು ಹೊಲಿದು, ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟು ಬಿಸಿ ಮಾಡಿ ಅವನ ಕುತ್ತಿಗೆಗೆ ಸುತ್ತುತ್ತಿದ್ದೆನಲ್ಲ, ‘ಅದು ಕಪಾಟಿನಲ್ಲಿಲ್ಲ, ನೀನು ಹೋಗುವಾಗ ತೆಗೆದುಕೊಂಡು ಹೋದೆಯಾ’ ಅಂತ ಕೇಳಿದ್ದೀಯ. ನನ್ನ ಗಂಡನನ್ನೇ ಬಿಟ್ಟು ಬಂದವಳು ಒಂದು ತುಂಡು ಕಂಬಳಿ ಹೊತ್ತು ತರುತ್ತೇನೆಯೇ? ಅದರ ವಿಷಯ ಕೊನೆಗೆ ಹೇಳುತ್ತೇನೆ.

ಅಷ್ಟೆಲ್ಲ ಬರೆದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ, ಬೆಳಗ್ಗೆ ಎದ್ದ ಕೂಡಲೇ ವಾಂತಿ ಬಂದ ಹಾಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀಯ. ಆ ಸಾಲನ್ನು ಓದಿ ಇಸ್ತ್ರಿ ಕೆಳಗಿಟ್ಟೆ. ಎಷ್ಟು ವರ್ಷ ನಾನು ಹಾಗೆ ವಾಂತಿ ಬರಲಿ ಎಂದು ಕಾದೆ ಅಂತ ನಿನಗೆ ಗೊತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಕೇಳು. ಹಾಸಿಗೆಯ ಪಕ್ಕದಲ್ಲಿ ಒಣ ಬಿಸ್ಕತ್ತು ಇಟ್ಟುಕೊ, ತಲೆ ಎತ್ತುವ ಮೊದಲೇ ಒಂದು ತಿಂದು, ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದು ಆಮೇಲೆ ಏಳು. ಹೊಟ್ಟೆ ಖಾಲಿ ಬಿಡಬೇಡ, ಒಮ್ಮೆಲೇ ತುಂಬಲೂಬೇಡ. ನಿಂಬೆಹಣ್ಣು ಸೀಳಿ ಮೂಸಿದರೆ ತಡೆಯುತ್ತದೆ. ಶುಂಠಿ ಹಾಕಿ ಕುದಿಸಿದ ನೀರು ಗುಟುಕು ಗುಟುಕಾಗಿ ಕುಡಿ. ಬೆಳ್ಳುಳ್ಳಿ ಎಣ್ಣೆಯ ವಾಸನೆ ಈಗ ನಿನಗೆ ಆಗದು, ಅದನ್ನು ಅವನೇ ಕಾಯಿಸಿಕೊಳ್ಳಲಿ. ಕುಡಿದ ನೀರೂ ಒಳಗೆ ನಿಲ್ಲದಿದ್ದರೆ, ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗು. ಒಬ್ಬಳೇ ಹೋಗಬೇಡ.

ಅಮ್ಮ ಇಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಜೊತೆಗಿದ್ದಾಳೆ, ಕೆಮ್ಮು ಕಡಿಮೆಯಾಗಿದೆ. ಯಾರ ಕಾಗದ ಅಂತ ಕೇಳಿದಳು. ಕರೆಂಟಿನವರದು ಅಂದೆ. ಅಜ್ಜಿಯಾಗುತ್ತಿರುವ ಸುದ್ದಿಯನ್ನು ಹೇಳು ಅಂತ ನೀನು ಬರೆದಿದ್ದೀಯ. ಹೇಳುವುದಿಲ್ಲ. ಯಾವ ಅಳಿಯನ ಮಗು ಎಂದು ಅವಳಿಗೆ ವಿವರಿಸುವ ಹಣೆಬರಹ ನನಗೆ ಬೇಡ.

‘ಒಂದು ಸಲ ಮನೆಗೆ ಬಂದು ಇವರನ್ನು ನೋಡಿಕೊಂಡು ಹೋಗಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ’ ಅಂದಿದ್ದೀಯ. ನಾನು ಬರುವುದಿಲ್ಲ. ಕಾಲಿಗೂ ಬೀಳಬೇಡ, ಈ ಸ್ಥಿತಿಯಲ್ಲಿ ಬಗ್ಗುವುದು ನಿನಗೆ ಒಳ್ಳೆಯದಲ್ಲ.

ಮೈ ಹುಷಾರು.

ಇಂತಿ,
ನಿನ್ನ ಒಡಹುಟ್ಟಿದ
ಅಕ್ಕ

ತಾ.ಕ.: ಶಾಖದ ಬಟ್ಟೆ ಸಿಕ್ಕಿದೆ. ನಿನ್ನೆ ಡ್ರಾಯಿಂಗ್ ಟೀಚರ್ ಒಗೆದು ಇಸ್ತ್ರಿ ಮಾಡಲು ಕೊಟ್ಟ ಗಂಟಿನಲ್ಲಿತ್ತು. ನಾನು ಯಾರೆಂದು ಆಕೆಗೆ ಗೊತ್ತಿಲ್ಲ. ಮೂಲೆಯಲ್ಲಿ ನನ್ನ ಇಸ್ತ್ರಿಯ ಮೂತಿ ತಾಗಿ ಆದ ಕಂದು ಗುರುತು ಹಾಗೇ ಇದೆ. ಕುತ್ತಿಗೆಗೆ ಸುತ್ತಿದರೆ ಬೇಗ ತಣ್ಣಗಾಗುತ್ತದೆ, ಏನು ಮಾಡಲಿ ಅಂತ ಕೇಳಿದಳು. ಎರಡು ಮಡಿಕೆ ಮಾಡಿ, ಬಿಸಿನೀರಿನ ಸಹವಾಸ ಬಿಟ್ಟು ಒಣಶಾಖ ಕೊಡಿ ಅಂತ ಹೇಳಿಕೊಟ್ಟೆ. ಚುರುಕು ಹುಡುಗಿ, ಒಂದೇ ಸಲಕ್ಕೆ ಕಲಿತಳು. ಅದೇ ಗಂಟಿನಲ್ಲಿ ಅವಳ ಬಿಳಿ ಅಂಗಿಯೂ ಇತ್ತು, ಅದರ ಬೆನ್ನಿಗೂ ಎಣ್ಣೆ ಮೆತ್ತಿತ್ತು. ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿ ಉದುರಿಸಿ, ಮೇಲೊಂದು ಕಾಗದ ಇಟ್ಟು, ಬಿಸಿ ಇಸ್ತ್ರಿ ಒತ್ತಬೇಕು, ಎಣ್ಣೆ ಕಾಗದಕ್ಕೆ ಏರುತ್ತದೆ. ಕೈಗೆ ಸಿಕ್ಕಿದ್ದು ನಿನ್ನ ಕಾಗದದ ಕೊನೆಯ ಪುಟ. ಅದನ್ನು ಇದರ ಜೊತೆಗೇ ಇಟ್ಟಿದ್ದೇನೆ, ಮೂಸಿ ನೋಡು.